ಬಂಧನಕ್ಕೂ ಆರೋಪಪಟ್ಟಿಗೂ ನಡುವಿನ ತೊಂಬತ್ತು ದಿನ

2025ರ ಜುಲೈ 8ರಂದು ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟ್ ಒಂದು ಮಧ್ಯಂತರ ಆದೇಶ ಕೊಟ್ಟಿತು. ಧರ್ಮಸ್ಥಳದ ವಿಚಾರದಲ್ಲಿ ಮಾನಹಾನಿಯಾಗುವಂಥ ಸುದ್ದಿ, ವಿಡಿಯೊ ಹಾಕಬಾರದು, ಈಗಾಗಲೇ ಹಾಕಿರುವುದನ್ನು ತೆಗೆಯಬೇಕು ಎಂಬುದು ಅದರ ಸಾರ. ತೆಗೆಯಬೇಕಾದ ಲಿಂಕ್‌ಗಳ ಪಟ್ಟಿಯಲ್ಲಿ ಇದ್ದದ್ದು 8,842. ಎದುರು ಪಕ್ಷದ ಮಾತು ಕೇಳುವ ಮೊದಲೇ ಆದೇಶ ಹೊರಬಿದ್ದಿತ್ತು. ಆಗಸ್ಟ್ 1ರಂದು ಯೂಟ್ಯೂಬ್ ವಾಹಿನಿಯೊಂದರ ಅರ್ಜಿಯ ಮೇಲೆ ಹೈಕೋರ್ಟ್ ಆ ಆದೇಶವನ್ನು ರದ್ದುಮಾಡಿ, ಹೊಸದಾಗಿ ತೀರ್ಮಾನಿಸಿ ಎಂದು ಕೆಳಗಿನ ಕೋರ್ಟಿಗೆ ವಾಪಸ್ ಕಳಿಸಿತು. ಧರ್ಮಸ್ಥಳದಲ್ಲಿ ಶವಗಳನ್ನು ಹೂತಿದ್ದೇನೆ ಎಂದು ಹೇಳಿಕೊಂಡು ಬಂದಿದ್ದ ದೂರುದಾರನನ್ನು ಆಗಸ್ಟ್ 23ರಂದು ಆ ದೂರಿನ ತನಿಖೆ ನಡೆಸುತ್ತಿದ್ದ ವಿಶೇಷ ತನಿಖಾ ತಂಡವೇ (ಎಸ್‌ಐಟಿ) ಬಂಧಿಸಿತು. ಇದಕ್ಕೆಲ್ಲ ಸ್ವಲ್ಪ ಮುಂಚೆ, ಜೂನ್‌ನಲ್ಲಿ, ಸುಳ್ಳುಸುದ್ದಿಗೆ ಏಳು ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ ಎನ್ನುವ ಮಸೂದೆಯ ಕರಡು ರಾಜ್ಯದಲ್ಲಿ ಹೊರಬಂದು ಗದ್ದಲವಾಗಿತ್ತು. ಅದಿನ್ನೂ ಕರಡು ಮಾತ್ರ ಎಂದು ಸರ್ಕಾರ ಸಮಜಾಯಿಷಿ ಕೊಟ್ಟಿತು.

ಮೂರೇ ತಿಂಗಳಲ್ಲಿ ಇಷ್ಟನ್ನೂ ಓದಿದವರಿಗೆ ತಲೆ ಕೆಟ್ಟಿದ್ದರೆ ಅದು ಅವರ ತಪ್ಪಲ್ಲ. ಮಾಧ್ಯಮದ ಬಾಯಿ ಕಟ್ಟುತ್ತಿದ್ದಾರೆ ಎಂದು ಒಬ್ಬರು ಹೇಳಿದರೆ, ಮಾಧ್ಯಮಕ್ಕೆ ಲಗಾಮೇ ಇಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ಎರಡೂ ಒಟ್ಟಿಗೆ ನಿಜವಾಗಿರಲು ಹೇಗೆ ಸಾಧ್ಯ?

ಸಾಧ್ಯ. ನಮ್ಮಲ್ಲಿ ಲಗಾಮು ಇರುವುದು ಬೇಡದ ಜಾಗದಲ್ಲಿ. ಬೇಕಾದ ಜಾಗ ಖಾಲಿ ಬಿದ್ದಿದೆ. ಇದು ಅರ್ಥವಾಗಬೇಕಾದರೆ ರೋಚಕ ಸುದ್ದಿ ಎಲ್ಲಿಂದ ಬಂತು, ಅದನ್ನು ಹುಟ್ಟಿಸುವ ಲೆಕ್ಕಾಚಾರ ಯಾವುದು ಎಂಬಲ್ಲಿಂದ ಶುರುಮಾಡಬೇಕು.

ಬಿಡಿ ಪ್ರತಿಯ ಲೆಕ್ಕ

ಪತ್ರಿಕೆಯನ್ನು ಎರಡು ರೀತಿ ಮಾರಬಹುದು. ತಿಂಗಳ ಚಂದಾ ಕಟ್ಟಿದವರ ಮನೆಗೆ ಹಾಕುವುದು ಒಂದು. ರಸ್ತೆಯಲ್ಲಿ ಬಿಡಿ ಪ್ರತಿ ಮಾರುವುದು ಇನ್ನೊಂದು. ಚಂದಾದಾರ ಪತ್ರಿಕೆಯನ್ನು ತಿಂಗಳಿಗೊಮ್ಮೆ ಒಪ್ಪಿಕೊಂಡರೆ ಸಾಕು. ಬಿಡಿ ಪ್ರತಿ ಕೊಳ್ಳುವವನು ದಿನಾ ಹೊಸದಾಗಿ ಒಪ್ಪಬೇಕು. ಅಂದರೆ ಇಂದಿನ ಮುಖಪುಟ ಇಂದಿನ ಅನ್ನವನ್ನು ಇಂದೇ ದುಡಿಯಬೇಕು. ನಿನ್ನೆಯ ಪ್ರಾಮಾಣಿಕತೆಗೆ ಇಂದು ಕಾಸು ಹುಟ್ಟುವುದಿಲ್ಲ.

ನ್ಯೂಯಾರ್ಕ್‌ನಲ್ಲಿ 1833ರಲ್ಲಿ ಬೆಂಜಮಿನ್ ಡೇ ‘ಸನ್’ ಪತ್ರಿಕೆಯನ್ನು ಒಂದು ಸೆಂಟಿಗೆ ಮಾರತೊಡಗಿದಾಗ ಈ ಲೆಕ್ಕ ಬದಲಾಯಿತು. ಎರಡೇ ವರ್ಷದಲ್ಲಿ, 1835ರಲ್ಲಿ, ಅದೇ ಪತ್ರಿಕೆ ಚಂದ್ರನ ಮೇಲೆ ಜೀವಿಗಳಿವೆ ಎಂಬ ಸರಣಿಯನ್ನು ವಿಜ್ಞಾನದ ಸುದ್ದಿಯಂತೆ ಅಚ್ಚುಹಾಕಿತು. ಬಿಡಿ ಮಾರಾಟಕ್ಕೂ ಕಟ್ಟುಕಥೆಗೂ ನಂಟು ಬೆಳೆಯಲು ಹೆಚ್ಚು ಕಾಲ ಬೇಕಾಗಲಿಲ್ಲ.

1883ರಲ್ಲಿ ಜೋಸೆಫ್ ಪುಲಿಟ್ಜರ್ ನಷ್ಟದಲ್ಲಿದ್ದ ‘ನ್ಯೂಯಾರ್ಕ್ ವರ್ಲ್ಡ್’ ಕೊಂಡರು. 1895ರಲ್ಲಿ ವಿಲಿಯಂ ರಾಂಡಾಲ್ಫ್ ಹರ್ಸ್ಟ್ ‘ನ್ಯೂಯಾರ್ಕ್ ಜರ್ನಲ್’ ಕೊಂಡು ಒಂದು ಸೆಂಟಿಗೆ ಮಾರಿದರು. ಎರಡು ಸೆಂಟಿಗೆ ಮಾರುತ್ತಿದ್ದ ಪುಲಿಟ್ಜರ್ ಕೂಡ ಮರುವರ್ಷ ಒಂದಕ್ಕೆ ಇಳಿಯಬೇಕಾಯಿತು. ದರ ಇಳಿದರೆ ಪ್ರತಿಗಳು ಹೆಚ್ಚಬೇಕು. ಪ್ರತಿಗಳು ಹೆಚ್ಚಬೇಕಾದರೆ ಶೀರ್ಷಿಕೆ ಕೂಗಬೇಕು. ‘ವರ್ಲ್ಡ್’ನ ವ್ಯಂಗ್ಯಚಿತ್ರಗಳಲ್ಲಿ ಹಳದಿ ನಿಲುವಂಗಿ ತೊಟ್ಟ, ಅಗಲ ಕಿವಿಯ ಬೋಳುತಲೆಯ ಹುಡುಗನೊಬ್ಬ ಬರುತ್ತಿದ್ದ. ಅವನನ್ನು ಬರೆಯುತ್ತಿದ್ದ ರಿಚರ್ಡ್ ಔಟ್‌ಕಾಲ್ಟ್ ಅವರನ್ನು ಹರ್ಸ್ಟ್ 1896ರಲ್ಲಿ ತಮ್ಮ ಕಡೆ ಸೆಳೆದುಕೊಂಡರು. ಪುಲಿಟ್ಜರ್ ಬೇರೆ ಕಲಾವಿದರಿಂದ ಅದೇ ಹುಡುಗನನ್ನು ಬರೆಸಿದರು. ಊರಲ್ಲಿ ಇಬ್ಬರು ಹಳದಿ ಹುಡುಗರಾದರು. ಆ ಅಂಗಿಯ ಬಣ್ಣವೇ ಅಂಥ ಪತ್ರಿಕೆಗಳ ಹೆಸರಾಗಿ ನಿಂತಿತು. ನಾವು ಪೀತ ಪತ್ರಿಕೋದ್ಯಮ ಎನ್ನುವುದರ ಮೂಲ ಅಲ್ಲಿದೆ.

ಆ ಇಬ್ಬರ ಪೈಪೋಟಿಯ ಅತಿ ದೊಡ್ಡ ಉದಾಹರಣೆ ‘ಮೇನ್’ ಹಡಗು. 1898ರ ಫೆಬ್ರುವರಿ 15ರ ರಾತ್ರಿ, ಆಗ ಸ್ಪೇನ್ ಆಳ್ವಿಕೆಯಲ್ಲಿದ್ದ ಕ್ಯೂಬಾದ ಹವಾನಾ ಬಂದರಿನಲ್ಲಿ ಅಮೆರಿಕದ ಆ ಯುದ್ಧನೌಕೆ ಸ್ಫೋಟಗೊಂಡು 260ಕ್ಕೂ ಹೆಚ್ಚು ಜನ ಸತ್ತರು. ಕಾರಣ ಏನೆಂದು ತನಿಖೆ ಹೇಳುವ ಮೊದಲೇ ಪತ್ರಿಕೆಗಳು ಸ್ಪೇನ್‌ನತ್ತ ಬೆರಳು ತೋರಿಸಿದ್ದವು. ತಪ್ಪಿತಸ್ಥರನ್ನು ಹಿಡಿದುಕೊಟ್ಟವರಿಗೆ 50,000 ಡಾಲರ್ ಬಹುಮಾನ ಎಂದು ‘ಜರ್ನಲ್’ ಮುಖಪುಟದಲ್ಲಿ ಸಾರಿತು. ಏಪ್ರಿಲ್‌ನಲ್ಲಿ ಯುದ್ಧ ಶುರುವಾಯಿತು. ಯುದ್ಧಕ್ಕೆ ಪತ್ರಿಕೆಗಳೇ ಕಾರಣ ಎನ್ನುವುದು ಅತಿಯಾದ ಮಾತು. ನೌಕಾಪಡೆಯ ವಿಚಾರಣಾ ಮಂಡಳಿ ಕೂಡ ಹೊರಗಿನ ಸಿಡಿಗುಂಡು ಎಂದೇ ಹೇಳಿತ್ತು, ರಾಜಕೀಯ ಕಾರಣಗಳೂ ಬೇಕಾದಷ್ಟಿದ್ದವು. ಆದರೆ 1976ರಲ್ಲಿ ಅಡ್ಮಿರಲ್ ಹೈಮನ್ ರಿಕೋವರ್ ನೇತೃತ್ವದ ಅಧ್ಯಯನ ಬೇರೆಯದನ್ನೇ ಹೇಳಿತು: ಹಡಗಿನೊಳಗಿನ ಕಲ್ಲಿದ್ದಲು ಕೋಣೆಗೆ ತಾನಾಗಿ ಹೊತ್ತಿದ ಬೆಂಕಿ ಪಕ್ಕದ ಮದ್ದುಗುಂಡಿನ ಕೋಣೆಗೆ ತಾಗಿರುವ ಸಾಧ್ಯತೆಯೇ ಹೆಚ್ಚು. ಶೀರ್ಷಿಕೆಗೂ ಈ ಉತ್ತರಕ್ಕೂ ನಡುವೆ 78 ವರ್ಷ.

ಅದೇ ಹಾಳೆಯ ಇನ್ನೊಂದು ಮಗ್ಗುಲು

ಇಷ್ಟು ಹೇಳಿ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. 1887ರಲ್ಲಿ ನೆಲ್ಲಿ ಬ್ಲೈ ಎಂಬ ಯುವತಿ ಹುಚ್ಚಿಯಂತೆ ನಟಿಸಿ ನ್ಯೂಯಾರ್ಕ್‌ನ ಮಾನಸಿಕ ಆಸ್ಪತ್ರೆಗೆ ಸೇರಿ, ಹತ್ತು ದಿನ ಒಳಗಿದ್ದು, ಹೊರಬಂದು ಅಲ್ಲಿನ ನರಕವನ್ನು ಬರೆದದ್ದು ಪುಲಿಟ್ಜರ್ ಅವರ ಇದೇ ‘ವರ್ಲ್ಡ್’ನಲ್ಲಿ. ಲಂಡನ್‌ನಲ್ಲಿ 1885ರಲ್ಲಿ ಡಬ್ಲ್ಯು.ಟಿ. ಸ್ಟೆಡ್ ‘ಪಾಲ್ ಮಾಲ್ ಗೆಜೆಟ್’ನಲ್ಲಿ ಬಾಲಕಿಯರ ಮಾರಾಟದ ಬಗ್ಗೆ ಬರೆದ ಸರಣಿ ಎಷ್ಟು ಹಸಿಯಾಗಿತ್ತೆಂದರೆ, ಪುಸ್ತಕದಂಗಡಿಗಳ ದೊಡ್ಡ ಸಂಸ್ಥೆಯೊಂದು ಅದನ್ನು ಮಾರಲು ಒಪ್ಪಲಿಲ್ಲ. ಅದೇ ವರ್ಷ ಬ್ರಿಟನ್‌ನಲ್ಲಿ ಲೈಂಗಿಕ ಸಮ್ಮತಿಯ ವಯಸ್ಸು 13ರಿಂದ 16ಕ್ಕೆ ಏರಿತು. ಸರಣಿಗಾಗಿ ಹುಡುಗಿಯೊಬ್ಬಳನ್ನು ತಾವೇ ‘ಕೊಂಡು’ ತೋರಿಸಿದ್ದಕ್ಕೆ ಸ್ಟೆಡ್ ಮೂರು ತಿಂಗಳು ಜೈಲಿಗೂ ಹೋದರು.

ಆದ್ದರಿಂದ ರೋಚಕತೆಯನ್ನು ಬರೀ ಅಭಿರುಚಿಯ ಪ್ರಶ್ನೆ ಎಂದುಕೊಂಡರೆ ದಾರಿ ತಪ್ಪುತ್ತೇವೆ. ಜೋರು ಶೀರ್ಷಿಕೆ, ಕಣ್ಣೀರು, ಕೋಪ ಇವೆಲ್ಲ ನಿಜವನ್ನು ಹೇಳಲೂ ಬಳಕೆಯಾಗಿವೆ. ಕೇಳಬೇಕಾದ ಪ್ರಶ್ನೆ ಬೇರೆ: ಕೂಗುವ ಮೊದಲು ಒಳಹೊಕ್ಕು ನೋಡಿದ್ದರೋ, ಇಲ್ಲವೋ? ನೆಲ್ಲಿ ಬ್ಲೈ ನೋಡಿದ್ದಳು. ಹವಾನಾ ಬಗ್ಗೆ ಬರೆದವರು ನೋಡಿರಲಿಲ್ಲ.

ಕನ್ನಡದಲ್ಲಿ: ಜಾಹೀರಾತಿಲ್ಲದ ಪತ್ರಿಕೆ

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಟಿತು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅದನ್ನು ತಂದದ್ದು ಗಾಳಿಸುದ್ದಿ ನಂಬುವ ಜನರಿಗೆ ಖಾತ್ರಿಯಾದದ್ದನ್ನು ತಿಳಿಸಬೇಕು ಎನ್ನುವಂಥ ಕಾಳಜಿಯಿಂದ. ಆಮೇಲೆ ಒಂದು ಶತಮಾನದಷ್ಟು ಕಾಲ ಕನ್ನಡ ಪತ್ರಿಕೆಗಳ ದೊಡ್ಡ ತೊಂದರೆ ರೋಚಕತೆ ಆಗಿರಲಿಲ್ಲ. ಹಣ ಮತ್ತು ಸರ್ಕಾರ ಆಗಿದ್ದವು. ಮೈಸೂರು ಸಂಸ್ಥಾನ 1908ರಲ್ಲಿ ಪತ್ರಿಕೆ ನಡೆಸಲು ಸರ್ಕಾರದ ಅನುಮತಿ ಬೇಕೆಂಬ ಕಾನೂನು ತಂದಾಗ ಹಲವು ಪತ್ರಿಕೆಗಳು ಬಾಗಿಲು ಹಾಕಿದವು. ಇದನ್ನು ನೆನಪಿಟ್ಟುಕೊಳ್ಳಬೇಕು. ನಮ್ಮ ನಾಡಿನಲ್ಲಿ ಪತ್ರಿಕೆಗೆ ಅಂಕುಶ ಹಾಕುವ ಕಾನೂನು ಬಂದದ್ದು ಪೀತ ಪತ್ರಿಕೆಗಳು ಹುಟ್ಟುವುದಕ್ಕೂ ಎಷ್ಟೋ ಮೊದಲು.

ಬೆಂಗಳೂರಿನಲ್ಲಿ ಬಿಡಿ ಪ್ರತಿಯ ಲೆಕ್ಕವನ್ನು ತಲೆಕೆಳಗು ಮಾಡಿದ್ದು 1980ರ ಜುಲೈನಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’. ಜಾಹೀರಾತು ಬೇಡ ಎಂದು ಪಿ. ಲಂಕೇಶ್ ಪಟ್ಟು ಹಿಡಿದಿದ್ದರು. ಓದುಗ ಕೊಡುವ ಕಾಸಿನಲ್ಲೇ ವಾರಪತ್ರಿಕೆ ನಡೆಯಬೇಕಿತ್ತು. ಇದರಿಂದ ಸಿಕ್ಕ ಧೈರ್ಯ ದೊಡ್ಡದು. ಮುಖ್ಯಮಂತ್ರಿ ಗುಂಡೂರಾಯರು ಆ ಪುಟಗಳಲ್ಲಿ ‘ಗುಂ’ ಆಗಿಬಿಟ್ಟರು. ಸರ್ಕಾರಿ ಜಾಹೀರಾತು ನಿಲ್ಲಿಸುತ್ತೇವೆ ಎಂದು ಹೆದರಿಸಲು ಅಲ್ಲಿ ಜಾಹೀರಾತೇ ಇರಲಿಲ್ಲ. 1983ರಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್ ಮೊದಲ ಸಲ ಅಧಿಕಾರ ಕಳೆದುಕೊಂಡ ಹೊತ್ತಿನ ಜನಾಭಿಪ್ರಾಯದಲ್ಲಿ ಆ ಪತ್ರಿಕೆಯ ಪಾಲನ್ನು ಯಾರೂ ತಳ್ಳಿಹಾಕುವುದಿಲ್ಲ. ಸಾಹಿತ್ಯ, ಹಳ್ಳಿಯ ವರದಿ, ಜಾತಿ ದೌರ್ಜನ್ಯದ ಸುದ್ದಿ ಎಲ್ಲವೂ ಅದೇ ಹಾಳೆಯಲ್ಲಿ ಬಂದವು.

ಆದರೆ ಆ ಮಾದರಿಯನ್ನು ನಕಲು ಮಾಡಿದವರೆಲ್ಲರಿಗೂ ಅದರ ಹಿಂದಿನ ಸಾಹಿತಿಯ ಕಣ್ಣು ಇರಲಿಲ್ಲ. ಜಾಹೀರಾತುದಾರನ ಹಂಗು ತಪ್ಪಿದ ಮೇಲೆ ಓದುಗನ ಕುತೂಹಲದ ಹಂಗು ಉಳಿಯುತ್ತದೆ. ವಾರ ವಾರ ಆ ಕುತೂಹಲಕ್ಕೆ ಮೇವು ಹಾಕಬೇಕು. 1990ರ ದಶಕದ ಬೆಂಗಳೂರಲ್ಲಿ ಭೂಗತ ಲೋಕ, ಸಿನಿಮಾದವರ ಖಾಸಗಿ ಬದುಕು, ಅಧಿಕಾರಿಗಳ ಮನೆಯೊಳಗಿನ ಜಗಳ ಇವು ಮೇವಾದವು. ಮೆಜೆಸ್ಟಿಕ್‌ನ ಬಸ್‌ ನಿಲ್ದಾಣದ ಅಂಗಡಿಗಳಲ್ಲಿ ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಬಿಟ್ಟ ಟ್ಯಾಬ್ಲಾಯ್ಡ್‌ಗಳನ್ನು ನೆನೆದುಕೊಳ್ಳಿ. ಬಸ್ಸಿಗೆ ಓಡುತ್ತಿರುವವನ ಕಣ್ಣಿಗೆ ಎರಡು ಸೆಕೆಂಡಿನಲ್ಲಿ ಬೀಳಬೇಕು, ಮಡಿಸಿದ ಮೇಲರ್ಧದಲ್ಲೇ ಕೆಲಸ ಮುಗಿಯಬೇಕು.

ಇದರ ಕೊನೆಯ ಮೆಟ್ಟಿಲಿಗೆ ಬೆಂಗಳೂರೇ ಒಂದು ಹೆಸರು ಕೊಟ್ಟಿದೆ: ರೋಲ್‌ಕಾಲ್. ಬೆದರಿಸಿ ಹಣ ಕೀಳುವುದು ಎಂದರ್ಥ. ನಡೆಯುವುದು ಸರಳ. ‘ಮುಂದಿನ ವಾರ: ಈ ಇಲಾಖೆಯ ಅಧಿಕಾರಿಯ ರಾತ್ರಿ ಲೀಲೆ’ ಎಂದು ಒಂದು ಸಾಲು ಬರುತ್ತದೆ. ಹೆಸರು ಇರುವುದಿಲ್ಲ, ಗುರುತು ಮಾತ್ರ ಇರುತ್ತದೆ. ಸಂಬಂಧಪಟ್ಟವನಿಗೆ ಗೊತ್ತಾಗುತ್ತದೆ. ಮುಂದಿನ ವಾರ ಸುದ್ದಿ ಬಂದರೆ ವ್ಯವಹಾರ ಕುದುರಲಿಲ್ಲ ಎಂದರ್ಥ, ಬರದಿದ್ದರೆ ಕುದುರಿತು. ಇಲ್ಲಿ ಅಚ್ಚಾದ ಸುದ್ದಿಗಿಂತ ಅಚ್ಚಾಗದ ಸುದ್ದಿಗೇ ಬೆಲೆ ಹೆಚ್ಚು. ಪ್ರಾಮಾಣಿಕವಾಗಿ ಅಕ್ರಮ ಬಯಲು ಮಾಡುವ ಸಣ್ಣ ಪತ್ರಿಕೆಗೆ ಇದರಿಂದಾದ ಹಾನಿ ಅಷ್ಟಿಷ್ಟಲ್ಲ. ಅದು ನಿಜ ಬರೆದರೂ ‘ರೋಲ್‌ಕಾಲ್ ಸಿಗಲಿಲ್ಲ, ಅದಕ್ಕೇ ಬರೆದಿದ್ದಾನೆ’ ಎಂದು ಆರೋಪಿ ತಪ್ಪಿಸಿಕೊಳ್ಳಬಹುದು. 2017ರ ಜೂನ್‌ನಲ್ಲಿ ವಿಧಾನಸಭೆ ಹಕ್ಕುಚ್ಯುತಿಯ ಹೆಸರಿನಲ್ಲಿ ಬೆಂಗಳೂರಿನ ಇಬ್ಬರು ಟ್ಯಾಬ್ಲಾಯ್ಡ್ ಸಂಪಾದಕರಿಗೆ ಒಂದು ವರ್ಷ ಜೈಲು, 10,000 ರೂಪಾಯಿ ದಂಡ ಘೋಷಿಸಿತು. ಕೋರ್ಟಿನ ವಿಚಾರಣೆ ಇಲ್ಲದೆ, ದೂರು ಕೊಟ್ಟ ಶಾಸಕರ ಸದನವೇ ಶಿಕ್ಷೆ ಕೊಟ್ಟದ್ದನ್ನು ಕಂಡು ಆ ಪತ್ರಿಕೆಗಳನ್ನು ಇಷ್ಟಪಡದವರೂ ಗಾಬರಿಯಾದರು.

ಆಮೇಲೆ ದಿನದ 24 ಗಂಟೆಯ ಕನ್ನಡ ಸುದ್ದಿವಾಹಿನಿಗಳು ಬಂದವು, ಮೊಬೈಲ್ ಬಂತು. ದಿನಕ್ಕೊಮ್ಮೆ ಆಗುತ್ತಿದ್ದ ಬಿಡಿ ಮಾರಾಟ ನಿಮಿಷಕ್ಕೊಮ್ಮೆ ಆಗತೊಡಗಿತು. ವೀಕ್ಷಕ ರಿಮೋಟ್ ಒತ್ತುವ ಮೊದಲು, ಓದುಗನ ಹೆಬ್ಬೆರಳು ಪರದೆಯನ್ನು ಮೇಲಕ್ಕೆ ಸರಿಸುವ ಮೊದಲು ಹಿಡಿದು ನಿಲ್ಲಿಸಬೇಕು. ಟಿಆರ್‌ಪಿ ಗೋಲ್‌ಮಾಲ್ ಆರೋಪ ಬಂದು 2020ರ ಅಕ್ಟೋಬರ್‌ನಿಂದ 2022ರ ಮಾರ್ಚ್‌ವರೆಗೆ ಸುದ್ದಿವಾಹಿನಿಗಳ ರೇಟಿಂಗನ್ನೇ ನಿಲ್ಲಿಸಲಾಗಿತ್ತು. ಆ ಅಳತೆಯ ಮೇಲೆ ಎಷ್ಟು ದುಡ್ಡು ನಿಂತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

‘ಎನ್ನಲಾಗಿದೆ’ ಎಂಬ ಗುರಾಣಿ

ಒಂದು ಶೀರ್ಷಿಕೆಯನ್ನು ಹತ್ತಿರದಿಂದ ನೋಡೋಣ. ‘ಬಂಧಿತನಿಂದ ಸ್ಫೋಟಕ ಮಾಹಿತಿ? ಪತ್ನಿಯೂ ಶಾಮೀಲು?’ ಇಂಥವು ದಿನಾ ಕಾಣುತ್ತವೆ. ಪ್ರಶ್ನಾರ್ಥಕ ಚಿಹ್ನೆ ಇಲ್ಲಿ ಪ್ರಶ್ನೆ ಕೇಳುತ್ತಿಲ್ಲ. ಮುಂದೆ ಮಾನನಷ್ಟದ ನೋಟಿಸ್ ಬಂದರೆ ‘ನಾವು ಹೇಳಲಿಲ್ಲ, ಕೇಳಿದೆವಷ್ಟೆ’ ಎನ್ನಲು ಇಟ್ಟ ಬಾಗಿಲದು. ಓದುಗನ ಮನಸ್ಸು ಆ ಚಿಹ್ನೆಯನ್ನು ಓದುವುದಿಲ್ಲ, ‘ಪತ್ನಿ’ಯನ್ನು ಓದುತ್ತದೆ.

ಒಳಗೆ ಹೋದರೆ ಇನ್ನೊಂದು ಗುರಾಣಿ ಸಿಗುತ್ತದೆ: ‘ಎನ್ನಲಾಗಿದೆ’. ಹೇಳಿದವರು ಯಾರು? ಆ ವಾಕ್ಯದಲ್ಲಿ ಕರ್ತೃವೇ ಇಲ್ಲ. ‘ತಿಳಿದುಬಂದಿದೆ’ ಕೂಡ ಹಾಗೆಯೇ. ಯಾರಿಗೆ ತಿಳಿಯಿತು, ಎಲ್ಲಿಂದ ಬಂತು? ಬಹಳ ಸಲ ಆ ಕಾಣದ ಕರ್ತೃ ಒಬ್ಬ ಪೊಲೀಸ್ ಅಧಿಕಾರಿ. ಅವರಿಗೂ ಲಾಭವಿದೆ. ತನಿಖೆ ಚುರುಕಾಗಿದೆ ಎಂಬ ಹೆಸರು ಬರುತ್ತದೆ. ಆರೋಪಿಯ ಮೇಲೆ ಜನ ರೊಚ್ಚಿಗೆದ್ದರೆ ಠಾಣೆಯೊಳಗೆ ಏನಾಯಿತೆಂದು ಯಾರೂ ಕೇಳುವುದಿಲ್ಲ. ಸ್ಥಳ ಮಹಜರಿಗೆ ಆರೋಪಿಯನ್ನು ಕರೆತರುವ ಹೊತ್ತಿಗೆ ಕ್ಯಾಮೆರಾಗಳು ಮೊದಲೇ ಬಂದು ನಿಂತಿರುವುದು ಆಕಸ್ಮಿಕವಲ್ಲ. ಸುದ್ದಿ ಬೇಕಾದ ವರದಿಗಾರ, ಸುದ್ದಿ ಕೊಟ್ಟು ಹೆಸರು ಬೇಕಾದ ಅಧಿಕಾರಿ ಇಬ್ಬರ ಕೊಡು-ಕೊಳ್ಳುವಿಕೆಯಲ್ಲಿ ಮೂರನೆಯವನ ಬದುಕು ಸರಕಾಗುತ್ತದೆ.

ಇದರ ಬಗ್ಗೆ ಓದುಗರಿಗೆ ಗೊತ್ತಿರಲೇಬೇಕಾದ ಒಂದು ಸಂಗತಿ ಇದೆ. ‘ಪೊಲೀಸರ ಮುಂದೆ ತಪ್ಪೊಪ್ಪಿಕೊಂಡ’ ಎಂಬ ಸುದ್ದಿಗೆ ಕೋರ್ಟಿನಲ್ಲಿ ಬೆಲೆ ಇಲ್ಲ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ ಎಂದು ಬ್ರಿಟಿಷರ ಕಾಲದ ಸಾಕ್ಷ್ಯ ಕಾಯ್ದೆಯೂ ಹೇಳಿತ್ತು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮವೂ ಹೇಳುತ್ತದೆ. ಹೊಡೆತಕ್ಕೆ ಹೆದರಿ ಯಾರು ಬೇಕಾದರೂ ಏನು ಬೇಕಾದರೂ ಒಪ್ಪಿಕೊಳ್ಳಬಹುದು ಎಂಬುದೇ ಅದಕ್ಕೆ ಕಾರಣ. ಕೋರ್ಟ್ ಕಿವಿಗೂ ಹಾಕಿಕೊಳ್ಳದ ಮಾತನ್ನು ಮುಖಪುಟ ತೀರ್ಪಿನಂತೆ ಅಚ್ಚುಹಾಕುತ್ತದೆ. ವರ್ಷಗಳಾದ ಮೇಲೆ ಆರೋಪಿ ಖುಲಾಸೆಯಾದಾಗ ಜನ ‘ದುಡ್ಡು ಕೊಟ್ಟು ಹೊರಬಂದ’ ಎನ್ನುತ್ತಾರೆ. ಹೀಗೆ ಒಬ್ಬ ವ್ಯಕ್ತಿಯ ಮಾನದ ಜೊತೆಗೆ ನ್ಯಾಯಾಲಯದ ಮೇಲಿನ ನಂಬಿಕೆಯೂ ಸವೆಯುತ್ತದೆ.

ಕೇಳದೇ ಉಳಿದ ಒಂದು ಪ್ರಶ್ನೆ

ಇದರ ಬೆಲೆ ಎಷ್ಟೆಂದು ತೋರಿಸಲು ಇಸ್ರೊ ಬೇಹುಗಾರಿಕೆ ಪ್ರಕರಣಕ್ಕಿಂತ ಸ್ಪಷ್ಟ ಉದಾಹರಣೆ ನಮ್ಮ ದೇಶದಲ್ಲಿಲ್ಲ. 1994ರ ಅಕ್ಟೋಬರ್‌ನಲ್ಲಿ ತಿರುವನಂತಪುರದಲ್ಲಿ ಮಾಲ್ಡೀವ್ಸ್‌ನ ಮಹಿಳೆಯೊಬ್ಬರ ಬಂಧನದಿಂದ ಅದು ಶುರುವಾಯಿತು. ರಾಕೆಟ್ ಗುಟ್ಟು, ವಿದೇಶಿ ಹೆಣ್ಣು, ವಿಜ್ಞಾನಿ, ಹಣ. ಮಾರಾಟಕ್ಕೆ ಬೇಕಾದ್ದೆಲ್ಲ ಅದರಲ್ಲಿತ್ತು. ಮಲಯಾಳಂ ಪತ್ರಿಕೆಗಳು ಪೈಪೋಟಿಯಲ್ಲಿ ದಿನಕ್ಕೊಂದು ಕಂತು ಬರೆದವು. ನವೆಂಬರ್ 30ರಂದು ವಿಜ್ಞಾನಿ ನಂಬಿ ನಾರಾಯಣನ್ ಬಂಧನವಾಯಿತು.

ಮಾರಿದರೆನ್ನಲಾದ ಸರಕು ಕ್ರಯೋಜೆನಿಕ್, ಅಂದರೆ ಅತಿ ಶೀತಲ ಇಂಧನದ, ರಾಕೆಟ್ ಎಂಜಿನ್ನಿನ ತಂತ್ರಜ್ಞಾನ. ಆ ತಂತ್ರಜ್ಞಾನ ಆಗ ಭಾರತದ ಬಳಿಯೇ ಇರಲಿಲ್ಲ. ಸೋವಿಯತ್ ರಷ್ಯಾದ ಬಾಹ್ಯಾಕಾಶ ಸಂಸ್ಥೆ ಗ್ಲಾವ್‌ಕಾಸ್ಮಾಸ್ ಜೊತೆ 1991ರಲ್ಲಿ ಒಪ್ಪಂದವಾಗಿತ್ತು, ಅಮೆರಿಕದ ಒತ್ತಡದಿಂದ 1993ರಲ್ಲಿ ತಂತ್ರಜ್ಞಾನ ವರ್ಗಾವಣೆ ಕೈಬಿಟ್ಟು ಹೋಗಿತ್ತು. ಇಲ್ಲದ್ದನ್ನು ಮಾರುವುದು ಹೇಗೆ? ಇಸ್ರೊದ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇದೆ. ಒಬ್ಬ ಎಂಜಿನಿಯರನ್ನು ಕೇಳಿದ್ದರೆ ಉತ್ತರ ಸಿಗುತ್ತಿತ್ತು. ಕೇಳಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು.

1996ರಲ್ಲಿ ಸಿಬಿಐ ಆರೋಪಗಳಿಗೆ ಆಧಾರವಿಲ್ಲ ಎಂದು ವರದಿ ಕೊಟ್ಟಿತು, 1998ರಲ್ಲಿ ಸುಪ್ರೀಂ ಕೋರ್ಟ್ ಪ್ರಕರಣಕ್ಕೆ ತೆರೆ ಎಳೆಯಿತು. 2018ರ ಸೆಪ್ಟೆಂಬರ್ 14ರಂದು ಅದೇ ಕೋರ್ಟ್ ನಂಬಿ ನಾರಾಯಣನ್ ಅವರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಅವರ ಜೊತೆ ಆರೋಪ ಹೊತ್ತು ಜೈಲು ಕಂಡಿದ್ದ, ಗ್ಲಾವ್‌ಕಾಸ್ಮಾಸ್‌ಗೆ ಕೆಲಸ ಮಾಡಿದ್ದ ಒಬ್ಬರು ಬೆಂಗಳೂರಿನಲ್ಲಿ ನೆಲೆಸಿದ್ದರು. ತೀರ್ಪು ಬಂದ ದಿನ ಅವರು ಇಲ್ಲಿನ ಆಸ್ಪತ್ರೆಯಲ್ಲಿ ಕೋಮಾದಲ್ಲಿದ್ದರು. ಎರಡು ದಿನಕ್ಕೆ ತೀರಿಕೊಂಡರು. ತೀರ್ಪಿನ ಸುದ್ದಿ ಅವರಿಗೆ ತಲುಪಲೇ ಇಲ್ಲ.

ವ್ಯಕ್ತಿಗಳಷ್ಟೇ ಅಲ್ಲ, ಊರೂ ಬೆಲೆ ತೆರುತ್ತದೆ. 2012ರ ಆಗಸ್ಟ್‌ನಲ್ಲಿ ಎಸ್‌ಎಂಎಸ್ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು, ಐದಕ್ಕಿಂತ ಹೆಚ್ಚು ಮಂದಿಗೆ ಒಟ್ಟಿಗೆ ಎಸ್‌ಎಂಎಸ್ ಕಳಿಸದಂತೆ ಕೇಂದ್ರ ತಡೆ ಹಾಕಿತು. 2018ರ ಮೇನಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪು ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ 26 ವರ್ಷದ ಯುವಕನನ್ನು ಹೊಡೆದು ಕೊಂದಿತು. ಈ ವದಂತಿಗಳನ್ನು ಹುಟ್ಟಿಸಿದ್ದು ಪತ್ರಿಕೆಗಳಲ್ಲ. ಆದರೆ ಖಚಿತಪಡಿಸಿಕೊಂಡು ಹೇಳುವವರು ಯಾರು, ಕೇಳಿದ್ದನ್ನು ಕೂಗುವವರು ಯಾರು ಎಂಬ ವ್ಯತ್ಯಾಸವೇ ಅಳಿಸಿಹೋದ ಊರಿನಲ್ಲಿ, ವದಂತಿ ಬಂದ ರಾತ್ರಿ ನಂಬಿ ನೋಡಲು ಜನರಿಗೆ ಯಾವ ಪತ್ರಿಕೆಯೂ ಇರುವುದಿಲ್ಲ.

ಕಾನೂನು ಎಲ್ಲಿ ಖಾಲಿ ಬಿಟ್ಟಿದೆ

ಇಷ್ಟೆಲ್ಲ ಆಗುವಾಗ ಕಾನೂನು ಏನು ಮಾಡುತ್ತದೆ? ಭಾರತೀಯ ಪತ್ರಿಕಾ ಮಂಡಳಿ ಇದೆ. 1978ರ ಕಾಯ್ದೆಯ ಪ್ರಕಾರ ಅದು ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು, ದಂಡ ಹಾಕುವಂತಿಲ್ಲ. ಟಿವಿ, ಯೂಟ್ಯೂಬ್ ಅದರ ವ್ಯಾಪ್ತಿಗೆ ಬರುವುದಿಲ್ಲ. ವಾಹಿನಿಗಳು ತಾವೇ ಕಟ್ಟಿಕೊಂಡ ಪ್ರಾಧಿಕಾರ ಸದಸ್ಯ ವಾಹಿನಿಗೆ ಹಾಕಬಹುದಾದ ದಂಡ ಹೆಚ್ಚೆಂದರೆ ಒಂದು ಲಕ್ಷ ರೂಪಾಯಿ. ಇದು ಏನೇನೂ ಸಾಲದು ಎಂದು 2023ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಮಾನನಷ್ಟ ಮೊಕದ್ದಮೆ ಹೂಡಬಹುದು. ಅದು ಮುಗಿಯುವ ಹೊತ್ತಿಗೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತಾಗಿರುತ್ತದೆ.

ನ್ಯಾಯಾಂಗ ನಿಂದನೆ ಕಾಯ್ದೆ ಇದೆಯಲ್ಲ, ವಿಚಾರಣೆಯಲ್ಲಿರುವ ಪ್ರಕರಣದ ಬಗ್ಗೆ ಹೀಗೆಲ್ಲ ಬರೆಯಬಹುದೇ ಎಂದು ಕೇಳುವವರಿದ್ದಾರೆ. ಎಲ್ಲಕ್ಕಿಂತ ದೊಡ್ಡ ಖಾಲಿ ಜಾಗ ಇರುವುದು ಅಲ್ಲೇ. 1971ರ ಆ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಕ್ರಿಮಿನಲ್ ಪ್ರಕರಣ ‘ವಿಚಾರಣೆಯಲ್ಲಿದೆ’ ಎನ್ನಿಸಿಕೊಳ್ಳುವುದು ಆರೋಪಪಟ್ಟಿ ಸಲ್ಲಿಕೆಯಾದ ಮೇಲೆ ಅಥವಾ ಕೋರ್ಟ್ ಸಮನ್ಸ್, ವಾರಂಟ್ ಹೊರಡಿಸಿದ ಮೇಲೆ. ಆರೋಪಿ ಜೈಲಿನಲ್ಲಿದ್ದರೆ ಪೊಲೀಸರಿಗೆ ಆರೋಪಪಟ್ಟಿ ಹಾಕಲು ಸಿಗುವುದು ಅಪರಾಧದ ಗಾತ್ರ ನೋಡಿ 60 ಅಥವಾ 90 ದಿನ. ಸುದ್ದಿ ಬಿಸಿಬಿಸಿಯಾಗಿರುವುದೂ ಅದೇ 90 ದಿನ. ಅಂದರೆ ಮಾತಿಗೆ ಹಿಡಿತ ಅತಿ ಹೆಚ್ಚು ಬೇಕಾದ ಹೊತ್ತಿನಲ್ಲಿ ಕಾನೂನಿನ ರಕ್ಷಣೆ ಶುರುವೇ ಆಗಿರುವುದಿಲ್ಲ. ಅದು ಶುರುವಾಗುವ ಹೊತ್ತಿಗೆ ಕ್ಯಾಮೆರಾಗಳು ಬೇರೆ ಮನೆಯ ಮುಂದೆ ನಿಂತಿರುತ್ತವೆ.

ಇದರಿಂದ ನಿರಪರಾಧಿಗೆ ಮಾತ್ರ ತೊಂದರೆ ಎಂದುಕೊಳ್ಳಬೇಡಿ. ಸಾಕ್ಷಿಗಳು ಗುರುತಿಸುವ ಪರೇಡ್ ನಡೆಯುವ ಮೊದಲೇ ಆರೋಪಿಯ ಮುಖ ಟಿವಿಯಲ್ಲಿ ಬಂದರೆ, ‘ಸಾಕ್ಷಿ ಗುರುತಿಸಿದ್ದು ಟಿವಿ ನೋಡಿ’ ಎಂದು ವಕೀಲರು ವಾದಿಸುತ್ತಾರೆ. ಆ ಪರೇಡಿಗೆ ಬೆಲೆ ಉಳಿಯುವುದಿಲ್ಲ. ರೋಚಕ ಸುದ್ದಿ ನಿಜವಾದ ಅಪರಾಧಿಯನ್ನೂ ಪಾರುಮಾಡಬಲ್ಲದು.

ತಡೆಯಾಜ್ಞೆ ಯಾರಿಗೆ ಸಿಗುತ್ತದೆ

ಕಾನೂನು ಬಿಟ್ಟ ಈ ಕಂದಕವನ್ನು ಈಗ ಸಿವಿಲ್ ಕೋರ್ಟಿನ ತಡೆಯಾಜ್ಞೆಗಳು ತುಂಬುತ್ತಿವೆ. 2021ರ ಮಾರ್ಚ್‌ನಲ್ಲಿ ಲೈಂಗಿಕ ಹಗರಣದ ಸಿಡಿ ಪ್ರಕರಣದಲ್ಲಿ ಸಚಿವರೊಬ್ಬರು ರಾಜೀನಾಮೆ ಕೊಟ್ಟ ಬೆನ್ನಲ್ಲೇ ಇನ್ನೂ ಆರು ಸಚಿವರು ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿಗೆ ಹೋಗಿ 68 ಮಾಧ್ಯಮಗಳ ವಿರುದ್ಧ ತಡೆಯಾಜ್ಞೆ ತಂದರು. 2024ರಲ್ಲಿ ಚಿತ್ರನಟರೊಬ್ಬರು ಬಂಧನಕ್ಕೊಳಗಾದ ಕೊಲೆ ಪ್ರಕರಣದಲ್ಲಿ ಆರೋಪಪಟ್ಟಿಯ ಗೋಪ್ಯ ವಿವರಗಳನ್ನು ಪ್ರಸಾರ ಮಾಡಬಾರದೆಂದು ಹೈಕೋರ್ಟ್ ಹೇಳಿತು. 2025ರದ್ದನ್ನು ಆರಂಭದಲ್ಲೇ ನೋಡಿದೆವು.

ಇವುಗಳ ಪರವಾಗಿ ಇರುವ ವಾದ ಹಗುರವಾದದ್ದಲ್ಲ. ಒಡೆದ ಮಾನವನ್ನು ದುಡ್ಡಿನಿಂದ ಕೂಡಿಸಲಾಗದು, ಆದ್ದರಿಂದ ಒಡೆಯುವ ಮೊದಲೇ ತಡೆಯಬೇಕು ಎಂಬುದು ಆ ವಾದ. ಇಸ್ರೊ ಪ್ರಕರಣ ನೋಡಿದವರು ಇದನ್ನು ಸುಲಭವಾಗಿ ತಳ್ಳಿಹಾಕಲಾರರು. ಆದರೆ ಈ ಮದ್ದು ಯಾರ ಕೈಗೆ ಎಟಕುತ್ತದೆ ನೋಡಿ. ರಾತ್ರೋರಾತ್ರಿ ಹಿರಿಯ ವಕೀಲರನ್ನು ಇಟ್ಟು ನೂರಾರು ಪ್ರತಿವಾದಿಗಳ ಪಟ್ಟಿ ಮಾಡಿ ಅರ್ಜಿ ಹಾಕಬಲ್ಲವರು ಸಚಿವರು, ನಟರು, ದೊಡ್ಡ ಸಂಸ್ಥೆಗಳು. ಮುಖಪುಟದಲ್ಲಿ ಫೋಟೊ ಬಂದ ಆಟೊ ಚಾಲಕನಿಗೆ, ಮನೆಗೆಲಸದ ಹೆಂಗಸಿಗೆ, ವಲಸೆ ಕಾರ್ಮಿಕನಿಗೆ ಆ ದಾರಿ ಇಲ್ಲ. ಪ್ರಶ್ನಿಸಲೇಬೇಕಾದ ಬಲಶಾಲಿಗಳಿಗೆ ರಕ್ಷಣೆ, ರಕ್ಷಿಸಲೇಬೇಕಾದ ದುರ್ಬಲರಿಗೆ ಮುಖಪುಟ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದಂತೆ ಎನ್ನುವುದು ಇದಕ್ಕೇ.

ಇನ್ನೊಂದು ಪರಿಣಾಮವೂ ಇದೆ. ಒಟ್ಟಾರೆ ಬಾಯಿಮುಚ್ಚಿಸುವ ಆದೇಶ ಬಂದ ತಕ್ಷಣ ‘ಏನೋ ಮುಚ್ಚಿಡುತ್ತಿದ್ದಾರೆ’ ಎಂಬ ಗುಮಾನಿ ಹುಟ್ಟುತ್ತದೆ. ದಾಖಲೆ ನೋಡಿ ಬರೆಯುವ ಪತ್ರಿಕೆ ಆದೇಶಕ್ಕೆ ತಲೆಬಾಗಿ ಸುಮ್ಮನಾಗುತ್ತದೆ. ಹೆಸರು ವಿಳಾಸ ಇಲ್ಲದ ಖಾತೆಗಳು ಸುಮ್ಮನಾಗುವುದಿಲ್ಲ. ಉಳಿಯುವುದು ಅವುಗಳ ದನಿಯೊಂದೇ. 2024ರ ಮಾರ್ಚ್‌ನಲ್ಲಿ ಸುದ್ದಿಸಂಸ್ಥೆಯೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿಚಾರಣೆಗೆ ಮೊದಲೇ ಏಕಪಕ್ಷೀಯವಾಗಿ ಪ್ರಕಟಣೆ ತಡೆಯುವುದು ತೀರಾ ಅಪರೂಪದ ಸಂದರ್ಭದಲ್ಲಿ ಮಾತ್ರ ಎಂದು ಎಚ್ಚರಿಸಿತ್ತು. ಬರಹದಲ್ಲಿ ದುರುದ್ದೇಶವಿದೆ ಅಥವಾ ಅದು ಕಣ್ಣಿಗೆ ಕಾಣುವಷ್ಟು ಸುಳ್ಳು ಎಂದು ಮೊದಲು ತೋರಬೇಕು.

ಸರ್ಕಾರದ ಕೈಗೇ ಅಧಿಕಾರ ಕೊಟ್ಟರೆ? 2025ರ ಕರಡಿನಲ್ಲಿ ಇದ್ದದ್ದು ಅದು. ಯಾವುದು ಸುಳ್ಳುಸುದ್ದಿ ಎಂದು ನೋಡಿಕೊಳ್ಳುವ ಪ್ರಾಧಿಕಾರಕ್ಕೆ ಸಚಿವರೇ ಅಧ್ಯಕ್ಷರು. ಸರ್ಕಾರದ ಬಗೆಗಿನ ಸುದ್ದಿಯ ಸತ್ಯಾಸತ್ಯವನ್ನು ಸರ್ಕಾರವೇ ತೀರ್ಮಾನಿಸಲು ಹೊರಟರೆ 1908ರ ಮೈಸೂರಿಗೆ ವಾಪಸ್ ಹೋದಂತೆ. ಕೇಂದ್ರ ಸರ್ಕಾರ ತನ್ನದೇ ಫ್ಯಾಕ್ಟ್‌ಚೆಕ್ ಘಟಕ ಮಾಡಲು ತಂದ ನಿಯಮವನ್ನು ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಹೊಡೆದುಹಾಕಿದೆ.

ಹಾಗಾದರೆ ಹಿಡಿತ ಎಲ್ಲಿರಬೇಕು

ಸುದ್ದಿ ಸೋರುವ ಜಾಗದಲ್ಲಿ. ಮೊದಲನೆಯದು ಪೊಲೀಸ್ ಠಾಣೆ. ತನಿಖೆಯ ಹಂತದಲ್ಲಿ ಪೊಲೀಸರು ಮಾಧ್ಯಮಕ್ಕೆ ಏನು ಹೇಳಬಹುದು ಎಂಬ ಕೈಪಿಡಿಯನ್ನು ಮೂರು ತಿಂಗಳಲ್ಲಿ ತಯಾರಿಸಿ ಎಂದು ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯಕ್ಕೆ ಹೇಳಿತ್ತು. ಹೆಸರು ಹಾಕಿ, ಸಹಿ ಮಾಡಿ ಕೊಡುವ ಪ್ರಕಟಣೆ ಒಂದೇ ದಾರಿ ಎಂದಾದರೆ ‘ಎನ್ನಲಾಗಿದೆ’ಗೆ ಒಬ್ಬ ಕರ್ತೃ ಸಿಗುತ್ತಾನೆ. ನಾಳೆ ಅದು ಸುಳ್ಳಾದರೆ ಕೇಳಲು ಒಬ್ಬರಿರುತ್ತಾರೆ.

ಎರಡನೆಯದು ತಿದ್ದುಪಡಿಯ ಜಾಗ. ಮುಖಪುಟದಲ್ಲಿ ಎಂಟು ಕಾಲಂ ತಪ್ಪು ಮಾಡಿ ಒಳಪುಟದ ಮೂಲೆಯಲ್ಲಿ ಎರಡು ಸಾಲು ವಿಷಾದ ಹಾಕಿದರೆ ತಪ್ಪಿನಿಂದ ಬಂದ ಲಾಭ ಪತ್ರಿಕೆಯ ಕೈಯಲ್ಲೇ ಉಳಿಯಿತು. ಅಷ್ಟೇ ಜಾಗ, ಅಷ್ಟೇ ದೊಡ್ಡ ಅಕ್ಷರ ಎಂಬ ನಿಯಮ ಬಂದರೆ ಬಿಡಿ ಪ್ರತಿಯ ಲೆಕ್ಕಕ್ಕೇ ಕೈಹಾಕಿದಂತಾಗುತ್ತದೆ. ಏಕೆಂದರೆ ಆಗ ಅವಸರದ ಶೀರ್ಷಿಕೆಗೆ ಇನ್ನೊಂದು ದಿನದ ಮುಖಪುಟದ ಬೆಲೆ ತೆರಬೇಕು. ಯಾರ ಬಾಯಿಯನ್ನೂ ಮೊದಲೇ ಕಟ್ಟದೆ ಮಾಡಬಹುದಾದ ಕೆಲಸ ಇದು, ನನಗೆ ಎಲ್ಲಕ್ಕಿಂತ ನ್ಯಾಯವಾಗಿ ಕಾಣುವುದೂ ಇದೇ.

ಮೂರನೆಯದು ಆ 90 ದಿನ. ಕಾನೂನು ಆಯೋಗ 2006ರಲ್ಲಿ ತನ್ನ 200ನೇ ವರದಿಯಲ್ಲಿ, ಆರೋಪಪಟ್ಟಿಗೆ ಕಾಯದೆ ಬಂಧನದ ಕ್ಷಣದಿಂದಲೇ ಪ್ರಕರಣ ವಿಚಾರಣೆಯಲ್ಲಿದೆ ಎಂದು ಪರಿಗಣಿಸಬೇಕು ಎಂದು ಶಿಫಾರಸು ಮಾಡಿತು. ಇದರಲ್ಲೂ ಅಪಾಯವಿದೆ. ಬಂಧನ ಪೊಲೀಸರ ಕೈಯಲ್ಲಿರುವ ಅಧಿಕಾರ. ಯಾರನ್ನಾದರೂ ಹಿಡಿದು ಹಾಕಿ ‘ಇನ್ನು ಬರೆಯುವಂತಿಲ್ಲ’ ಎಂದರೆ ಲಾಕಪ್ ಸಾವಿನ ಸುದ್ದಿಯೂ ಹೊರಬರುವುದಿಲ್ಲ. ಹಾಗಾಗಿ ಮಿತಿ ಇರಬೇಕಾದದ್ದು ಆರೋಪಿಯ ತಪ್ಪೊಪ್ಪಿಗೆ, ಹಳೆಯ ಪ್ರಕರಣಗಳು, ಗುರುತು ಪರೇಡಿಗೆ ಮೊದಲಿನ ಫೋಟೊ, ಇವನೇ ಅಪರಾಧಿ ಎಂಬ ತೀರ್ಪು ಇಂಥವಕ್ಕೆ ಮಾತ್ರ. ಪೊಲೀಸರು ಏನು ಮಾಡಿದರು, ಯಾರನ್ನು ಬಿಟ್ಟರು, ಠಾಣೆಯಲ್ಲಿ ಏನು ನಡೆಯಿತು ಎಂದು ಬರೆಯುವ ಹಕ್ಕು ಪೂರ್ತಿಯಾಗಿ ತೆರೆದೇ ಇರಬೇಕು.

ಆಯೋಗದ ಆ ಶಿಫಾರಸು ಇನ್ನೂ ಕಾನೂನಾಗಿಲ್ಲ. ಇಂದು ಬೆಳಿಗ್ಗೆ ಬಂಧನವಾದವನ ಪ್ರಕರಣ, 1971ರ ಕಾಯ್ದೆಯ ಲೆಕ್ಕದಲ್ಲಿ, ಇಂದು ಸಂಜೆಯ ಚರ್ಚೆಯ ಹೊತ್ತಿಗೆ ವಿಚಾರಣೆಯಲ್ಲಿಲ್ಲ.